ಆರು ಗಂಟೆಯ ಗಾಡಿ

ಚಟ್ಟದ ಬಿದಿರಿಗೆ ಹೆಗಲು ಕೊಡುವಾಗ ನರೇಶನ ಕಾಲು ತಡವರಿಸಿತು. "ಉಸಾರು ಕಣಪ್ಪ," ಎಂದು ಪಕ್ಕದ ಮನೆಯ ಮುನಿಯಣ್ಣ ಹಿಂದಿನಿಂದ ಗದರಿದರು. ದೊಡ್ಡನೆಕ್ಕುಂದಿಯ ಆ ಗಲ್ಲಿಯಲ್ಲಿ ಎರಡು ಬೈಕು ಎದುರಾದರೆ ಜಾಗವಿಲ್ಲ. ನಲ್ಲಪ್ಪನವರ ಹೆಣವನ್ನು ಓರೆ ಮಾಡಿಕೊಂಡೇ ಸಾಗಿಸಬೇಕಾಯಿತು. ಐವತ್ತೇಳು ವರ್ಷದ ಮನುಷ್ಯ. ಹನ್ನೆರಡು ವರ್ಷ ನರೇಶನ ಆಫೀಸಿನಲ್ಲೇ ಟೆಸ್ಟರ್ ಆಗಿದ್ದವರು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ಅವರ ಕೆಲಸವಾಗಿತ್ತು.

ಹಿಂದೆ ಬರುತ್ತಿದ್ದ ಅವರ ಹೆಂಡತಿ ಈಶ್ವರಮ್ಮ ಗಂಡನ ಫೋನನ್ನು ಕೈಬಿಟ್ಟಿರಲಿಲ್ಲ. ಬೆಳಿಗ್ಗೆಯಿಂದ ಬಂದವರಿಗೆಲ್ಲ ಹೇಳಿದ್ದನ್ನೇ ಈಗಲೂ ಹೇಳುತ್ತಿದ್ದರು.

"ಆರೂಕಾಲಿಗೆ ಎದೆ ಇಡ್ಕೊಂಡು ಕೂತ್ರು ಕಣಮ್ಮ. ಇವ್ರೇ ಏಳ್ಕೊಟ್ಟಿದ್ದ ಆಪಲ್ಲಿ ಆಂಬುಲೆನ್ಸ್ ಒತ್ತಿದೆ. ಈ ನಂಬರಿಗೆ ಗಾಡಿ ಆಗ್ಲೇ ಒಂಟೈತೆ ಅಂತ ಬಂತು. ಯಾರೋ ಪುಣ್ಯಾತ್ಮರು ನನಗಿಂತ ಮುಂಚೆ ಕರೆದವ್ರೆ ಅಂದ್ಕೊಂಡೆ. ಮುನಿಯಣ್ಣ ಆಟೋ ತರ್ತೀನಿ ಅಂದ್ರೂ ಬ್ಯಾಡ ಅಂದ್ಬಿಟ್ಟೆ. ಮುಕ್ಕಾಲು ಗಂಟೆ ಕಾಯ್ಸಿ ನಾನೇ ಸಾಯಿಸ್ಬಿಟ್ಟೆ."

ಆ ಗಾಡಿಯನ್ನು ಕರೆದವರು ಯಾರೆಂದು ಅಲ್ಲಿ ನರೇಶನೊಬ್ಬನಿಗೇ ಗೊತ್ತಿತ್ತು.

* * *

ಆ ಆಂಬುಲೆನ್ಸ್ ಆಪ್ ಅವರ ಆಫೀಸಿನದೇ. ನಲ್ಲಪ್ಪ ಅದನ್ನು ಪರೀಕ್ಷಿಸುತ್ತಿದ್ದ ರೀತಿಗೆ ಆಫೀಸಿನವರೆಲ್ಲ ನಗುತ್ತಿದ್ದರು. ಐದು ಮಹಡಿ ಹತ್ತಿ ಬಂದು, ಏದುಸಿರು ಬಿಡುತ್ತಲೇ ಒದ್ದೆ ಬೆರಳಲ್ಲಿ ಒತ್ತುತ್ತಿದ್ದರು.

"ಗಾಬರಿ ಬಿದ್ದವ್ನು ನಿನ್ನಂಗೆ ಏಸೀಲಿ ಕೂತ್ಕೊಂಡು ಒತ್ತಲ್ಲ ಕಣಪ್ಪ," ಎನ್ನುತ್ತಿದ್ದರು.

ಅವರು ದಿನವಿಡೀ ಮಾಡುವುದನ್ನು ಮೂರೇ ನಿಮಿಷದಲ್ಲಿ ತಾನಾಗಿಯೇ ಮಾಡುವ ಪ್ರೋಗ್ರಾಂ ಬರೆಯಲು ಮೇಲಿನವರು ನರೇಶನಿಗೆ ಹೇಳಿದರು. ಅವನು ಪಕ್ಕದಲ್ಲಿ ಕೂತು, ಅವರು ಒತ್ತಿದ್ದನ್ನೆಲ್ಲ ಇದ್ದ ಹಾಗೇ ಇಳಿಸಿಕೊಂಡ. ನಲ್ಲಪ್ಪ ತಮ್ಮದೇ ಹೆಸರು, ತಮ್ಮದೇ ಫೋನ್ ನಂಬರು ಹಾಕಿ ತೋರಿಸಿದ್ದರು. ಮೂರು ವಾರಕ್ಕೆ ಕೆಲಸ ಮುಗಿಯಿತು. ನಾಲ್ಕನೆಯ ವಾರ ನಲ್ಲಪ್ಪನವರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಅಲ್ಲಿಂದಾಚೆ ದಿನಾ ಬೆಳಿಗ್ಗೆ ಆರಕ್ಕೆ, ಯಾರಾದರೂ ಆಪಿನ ಕೋಡ್ ಬದಲಿಸಿದಾಗಲೂ, ಪ್ರೋಗ್ರಾಂ ಅವರ ಹೆಸರು, ನಂಬರಿನಲ್ಲಿ ಒಂದು ಸುಳ್ಳು ಗಾಡಿ ಕರೆಯುತ್ತಿತ್ತು. ಆ ಬುಕಿಂಗ್ ಒಂದು ಗಂಟೆ ಹಾಗೇ ಇರುತ್ತಿತ್ತು; ಅಷ್ಟು ಹೊತ್ತು ಆ ನಂಬರಿನಿಂದ ಬೇರೆ ಗಾಡಿ ಕರೆಯಲು ಬರುತ್ತಿರಲಿಲ್ಲ. ನರೇಶನ ಫೋನಿಗೆ ಪರೀಕ್ಷೆ 'ಪಾಸ್' ಎಂದು ಬರುತ್ತಿತ್ತು.

ಒಮ್ಮೆ ನಲ್ಲಪ್ಪನವರೇ ಫೋನ್ ಮಾಡಿದ್ದರು.

"ದಿನಾ ನನಗೆ ಆಂಬುಲೆನ್ಸ್ ಕಳಿಸ್ತಾ ಇದ್ದೀಯಲ್ಲೋ! ಇವ್ಳು ನೋಡಿ ಎದರ್ಕೊಂಡಾಳು ಅಂತ ಮೆಸೇಜ್ ಅಳಿಸಿ ಅಳಿಸಿ ಸಾಕಾಯ್ತು. ನಿಜವಾಗ್ಲೂ ಬೇಕಾದ ದಿನ ಏನ್ ಮಾಡ್ಲಿ?"

"ನಾಳೆನೇ ನಂಬರ್ ತೆಗೀತೀನಿ ಅಣ್ಣ."

ಐದು ನಿಮಿಷದ ಕೆಲಸ. ದಿನಾ ಪಾಸಾಗುತ್ತಿರುವುದನ್ನು ಯಾಕೆ ಮುಟ್ಟಬೇಕು ಎಂದು ನರೇಶ ಮುಂದೂಡಿದ. ಹಾಗೇ ಎಂಟು ತಿಂಗಳು ಕಳೆದವು.

* * *

ಹೆಣವನ್ನು ಗುಂಡಿಗೆ ಇಳಿಸಿದ್ದಾಯಿತು. ಸ್ಮಶಾನದ ಕಾಂಪೌಂಡಿನಾಚೆ ಟೆಕ್ ಪಾರ್ಕಿನ ಗಾಜಿನ ಗೋಡೆ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. "ಒಂದೊಂದು ಇಡಿ ಮಣ್ಣು ಆಕ್ರಪ್ಪ," ಎಂದರು ಮುನಿಯಣ್ಣ.

ನರೇಶ ಮಣ್ಣು ಹಿಡಿದುಕೊಂಡೇ ಈಶ್ವರಮ್ಮನವರ ಹತ್ತಿರ ಹೋದ. "ಅಮ್ಮಾ, ಇದು ನಿಮ್ಮ ತಪ್ಪಲ್ಲ."

"ಮತ್ತೆ ಯಾರ್ದಪ್ಪ?"

ಸಮಾಧಾನಕ್ಕೆ ಕೇಳಿದ ಮಾತಲ್ಲ ಅದು. ಉತ್ತರ ಬೇಕೆಂದೇ ಅವನ ಮುಖ ನೋಡುತ್ತ ನಿಂತರು. 'ನನ್ನದು' ಎಂದರೆ ಮುಗಿಯುತ್ತಿತ್ತು. ಅವನು ಕೈಯಲ್ಲಿದ್ದ ಮಣ್ಣಿನ ಹೆಂಟೆಯನ್ನು ಪುಡಿ ಮಾಡತೊಡಗಿದ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಅಷ್ಟರಲ್ಲಿ ಅವರ ಕೈಯಲ್ಲಿದ್ದ ಫೋನ್ ಟಣ್ ಎಂದಿತು. ನರೇಶನ ಜೇಬಿನಲ್ಲಿದ್ದದ್ದೂ ಅದುರಿತು. ಆಫೀಸಿನಲ್ಲಿ ಯಾರೋ ಕೋಡ್ ಬದಲಿಸಿದ್ದರು. ಏನು ಬಂದಿದೆಯೆಂದು ಅವನು ತೆಗೆದು ನೋಡಬೇಕಾಗಿರಲಿಲ್ಲ.

ಈಶ್ವರಮ್ಮ ಅಕ್ಷರ ಕೂಡಿಸಿಕೊಂಡು ಜೋರಾಗಿ ಓದಿದರು: "ನಲ್ಲಪ್ಪ ಅವರೇ, ನಿಮ್ಮ ಆಂಬುಲೆನ್ಸ್ ಹೊರಟಿದೆ."

ಸುತ್ತ ನಿಂತವರ ಕೈಗಳು ಮಣ್ಣಿನ ಸಮೇತ ಹಾಗೇ ನಿಂತವು.

"ತಾಳ್ರಪ್ಪ, ಮಣ್ಣು ಆಕ್ಬ್ಯಾಡಿ," ಎಂದ ಈಶ್ವರಮ್ಮ ಸೆರಗು ಸರಿಮಾಡಿಕೊಂಡು ಗೇಟಿನ ಕಡೆ ತಿರುಗಿ ನಿಂತರು. "ಗಾಡಿ ಈಗ ಒಂಟೈತಂತೆ."