ಎಂಜಲಾದ ಗುಂಡಿ

ಬಿರುಬೇಸಗೆ. ಚರ್ಚಿನ ಹಿಂದಿನ ಸಮಾಧಿ ಅಂಗಳದಲ್ಲಿ ಸಿನಿಮಾದವರು ಶವಸಂಸ್ಕಾರದ ದೃಶ್ಯಕ್ಕೆಂದು ಬೆಳಗಿನಿಂದ ಗುಂಡಿ ತೋಡುತ್ತಿದ್ದರು. ಮೊಣಕಾಲುದ್ದ ಇಳಿಯುವಷ್ಟರಲ್ಲಿ ಬಂಡೆ ಸಿಕ್ಕಿತು.

"ಅಯ್ಯನವರೇ, ಆ ಮೂಲೇಲಿ ಒಂದು ತೋಡಿಟ್ಟಿದ್ದಾರಲ್ಲ, ಅದನ್ನೇ ಕೊಡಿ. ಬಿಸಿಲು ಏರೋದ್ರೊಳಗೆ ಮುಗಿಸಿಬಿಡ್ತೀವಿ" ಎಂದ ಡೈರೆಕ್ಟರ್.

ಅದು ಗುದ್ದಲಿಯಪ್ಪನ ಹೆಂಡತಿಯ ಗುಂಡಿ. ಊರಿನ ಸತ್ತವರಿಗೆಲ್ಲ ತೋಡುತ್ತ ಬಂದವನು ಅವನೇ. ಹಿಂದಿನ ದಿನ ಇದನ್ನೂ ಯಾರನ್ನೂ ಹತ್ತಿರ ಬಿಡದೆ ತೋಡಿದ್ದ. ಮಧ್ಯಾಹ್ನ ಮಣ್ಣು ಮಾಡುವುದಿತ್ತು.

ಪಾದ್ರಿಗಳು ತಡವರಿಸಿದರು. ಪ್ರಾಯದಲ್ಲಿ ಚರ್ಚಿನ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಸಿನಿಮಾ ತೋರಿಸಿದವರು ಅವರು. ಆಮೇಲೆ, ಮದುವೆಯ ದೃಶ್ಯದಲ್ಲಿ ಪಾದ್ರಿ ಎಲ್ಲಿ ನಿಲ್ಲಬೇಕೆಂದು ಸಿನಿಮಾದವರಿಗೆ ಹೇಳಿಕೊಡಲು ಹೋಗಿ ಆ ಪಾತ್ರಕ್ಕೆ ತಾವೇ ನಿಂತರು. ನಿಂತವರು ಮತ್ತೆ ಕೂರಲಿಲ್ಲ; ಇವತ್ತೂ ಮುಖಕ್ಕೆ ಬಣ್ಣ ಹಚ್ಚಿದ್ದರು. ಸಭೆಯ ಹಿರಿಯರು 'ಬಣ್ಣದ ಪಾದ್ರಿ' ಎಂದು ಮೂಗು ಮುರಿದರೆ, "ನಾನು ಸುಳ್ಳು ಪ್ರಾರ್ಥನೆ ಮಾಡಲ್ಲ. ಕ್ಯಾಮೆರಾ ಮುಂದೆಯೂ ನಿಜವಾಗೇ ಹೇಳ್ತೀನಿ" ಎನ್ನುತ್ತಿದ್ದರು. ಒಂದಕ್ಷರ ಬಿಡದೆ ಹೇಳುತ್ತಲೂ ಇದ್ದರು.

"ಆಗ್ಲಿ, ಬೇಗ" ಎಂದರು.

ಖಾಲಿ ಪೆಟ್ಟಿಗೆ ಇಳಿಯಿತು. ಪಾದ್ರಿಗಳು "ಮಣ್ಣಿಗೆ ಮಣ್ಣು" ಎಂದು ಹಿಡಿ ಮಣ್ಣು ಹಾಕಿದರು. ನಾಯಕಿಗೆ ಅಳು ಬರಲಿಲ್ಲವೆಂದು ಇನ್ನೊಮ್ಮೆ. ಬೆಳಕು ಸರಿಯಿಲ್ಲವೆಂದು ಮತ್ತೊಮ್ಮೆ. ಪೆಟ್ಟಿಗೆ ಮೇಲೆತ್ತುವಾಗ ಗುದ್ದಲಿಯಪ್ಪ ಅಂಚಿಗೆ ಬಂದು ನಿಂತಿದ್ದ. ತಳದಲ್ಲಿ ಕಾಗದದ ಹೂವು ಬಿದ್ದಿದ್ದವು.

"ಪ್ರಾರ್ಥನೆ ಪೂರ್ತಿ ಹೇಳಿದ್ರಾ?"

"ಹೇಳ್ದೆ ಕಣಪ್ಪಾ. ಆದ್ರೆ ಅದು..."

"ಸುಳ್ಳಾ?"

ಪಾದ್ರಿಗಳು ಕೈಯ ಮಣ್ಣು ಒರೆಸಿಕೊಂಡರು.

"ಎಂಜಲು ತಟ್ಟೇಲಿ ಬಡಿಸ್ತೀರಾ ಅಯ್ಯನವರೇ? ನಮ್ಮವಳು ಯಾರ ಎಂಜಲೂ ಉಂಡೋಳಲ್ಲ."

"ಮಣ್ಣು ತಾನೇ ಯಜಮಾನ್ರೇ? ನಮ್ಮ ಆಳುಗಳೇ ಇನ್ನೊಂದು ತೋಡ್ತಾರೆ ಬಿಡಿ" ಎಂದ ಡೈರೆಕ್ಟರ್.

ಗುದ್ದಲಿಯಪ್ಪ ಅವನತ್ತ ತಿರುಗಲಿಲ್ಲ. ಗುದ್ದಲಿಯನ್ನು ಪಾದ್ರಿಗಳ ಮುಂದೆ ಚಾಚಿದ.

ಪಾದ್ರಿಗಳು ನಿಲುವಂಗಿ ಕಳಚಿ ಆ ಗುಂಡಿಯ ಪಕ್ಕದಲ್ಲೇ ಅಗೆಯತೊಡಗಿದರು. ಮುಖದ ಬಣ್ಣ ಬೆವರಿನ ಜೊತೆ ಕೊರಳಿಗಿಳಿಯಿತು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಅತ್ತ ಮನೆಯಲ್ಲಿ ಹೆಣ ಕಾಯುತ್ತಿತ್ತು. ಸೊಂಟದಾಳಕ್ಕೆ ಬರುವಷ್ಟರಲ್ಲಿ ಹೊತ್ತು ವಾಲಿತ್ತು. ಆಗ ಗುದ್ದಲಿಯಪ್ಪ ತಾನೇ ಇಳಿದು, ಉಳಿದದ್ದು ತೋಡಿ, ಮೂಲೆಗಳನ್ನು ನೇರ ಮಾಡಿದ.

ಮನೆಯಿಂದ ತಂದ ಪೆಟ್ಟಿಗೆ ಇಳಿಸಿದ ಮೇಲೆ ಪಾದ್ರಿಗಳು ಪುಸ್ತಕ ತೆರೆದರು.

"ನೀವು ಬೇಡ. ನಮ್ಮಣ್ಣ ಓದ್ತಾನೆ" ಎಂದ ಗುದ್ದಲಿಯಪ್ಪ.

ಅಣ್ಣ ಮರ ಕೊಯ್ಯುವವನು. ಅಕ್ಷರ ಕೂಡಿಸಿ ಕೂಡಿಸಿ ಓದಿದ, ಒಂದು ಸಾಲು ಹಾರಿಸಿಯೂ ಬಿಟ್ಟ. ಆ ಸಾಲನ್ನು ಪಾದ್ರಿಗಳು ತುಟಿಯಲ್ಲೇ ಹೇಳಿಕೊಂಡರು.

ಮಣ್ಣು ಮುಚ್ಚಿ, ಜನ ಚದುರಿದರು. ಗುದ್ದಲಿಯಪ್ಪ ಗುದ್ದಲಿಯನ್ನು ಹೆಗಲಿಗೇರಿಸಿದ.

"ತೋಡಿದ್ರಿ, ಆ ಸಾಲ ತೀರ್ತು. ಪ್ರಾರ್ಥನೆ ಸಾಲ ಅವಳಿಗೆ ಕೊಡಬೇಕಾದ್ದು. ನನ್ನ ಹತ್ರ ತೀರಿಸಕ್ಕಾಗಲ್ಲ."

ಅವನು ಹೋದ ಮೇಲೆ ಪಾದ್ರಿಗಳು ಪಕ್ಕದ ಖಾಲಿ ಗುಂಡಿಗಿಳಿದು ಕಾಗದದ ಹೂವುಗಳನ್ನು ಆಯತೊಡಗಿದರು.