ಬಿಟ್ಟಿ ಬಿಲ್ಲೆ

"ಏಯ್, ಕಣ್ಣಿಲ್ವಾ ನಿಂಗೆ? ನೆಲ ಒರೆಸೋರು ಹಿಂದಿನ ಗೇಟಲ್ಲಿ ಬರಬೇಕು ಅಂತ ಎಷ್ಟು ಸಲ ಬಡ್ಕೊಳ್ಳಿ?"

ಕಾವಲುಗಾರ ಕೋಲಿನಿಂದ ಅವಳ ಮೊಣಕೈ ತಿವಿದ. ಅವಳು ಚೀಲದಿಂದ ಆಮಂತ್ರಣ ಪತ್ರ ತೆಗೆದು ಅವನ ಮೂಗಿನ ಮುಂದೆ ಹಿಡಿದಳು.

"ಓದೋಕೆ ಬರುತ್ತಾ? ಬಂದ್ರೆ ಓದು. ಇಲ್ದಿದ್ರೆ ಬರೋರನ್ನ ಕರಿ."

ಪತ್ರದಲ್ಲಿ 'ವರ್ಷದ ಮಹಾತಜ್ಞೆ, ಸೂಜಿ' ಎಂದಿತ್ತು. ಅವನು ಪತ್ರ ನೋಡಿದ, ಅವಳ ಸವೆದ ಚಪ್ಪಲಿ ನೋಡಿದ, ಮತ್ತೆ ಪತ್ರ ನೋಡಿದ.

"ಎಲ್ಲಿ ಕದ್ದೆ ಇದನ್ನ?"

"ನಿಮ್ಮಪ್ಪನ ಮನೇಲಿ ಕಣೋ, ಲೋಫರ್," ಎಂದವಳೇ ಅವನ ಕೋಲು ಸರಿಸಿ ಒಳಗೆ ನಡೆದಳು.

ಸೂಜಿ ಎನ್ನುವುದು ಅವಳಿಗೆ ಅಕ್ಕ ಇಟ್ಟ ಅಡ್ಡಹೆಸರು. ಮೈಯೂ ಹಾಗೇ, ಮಾತೂ ಹಾಗೇ. ಔಷಧಿ ಅಂಗಡಿಗಳಲ್ಲಿ, ಆಸ್ಪತ್ರೆಗಳಲ್ಲಿ ಮದ್ದಿನ ಚೀಟಿ ಮುದ್ರಿಸುವ ಒಂದು ಸಾಫ್ಟ್‌ವೇರ್ ಇದೆ. ಅದನ್ನು ಮಾಡಿ ಮಾರುವ ಕಂಪನಿ ಇದು. ಅದು ಕೈಕೊಟ್ಟಾಗ ಬಳಸುವವರು ಒಬ್ಬರನ್ನೊಬ್ಬರು ಕೇಳಿಕೊಂಡು ಸಾಯಲಿ ಎಂದು ಕಂಪನಿ ಅಂತರ್ಜಾಲದಲ್ಲಿ ಒಂದು ಫೋರಂ ತೆರೆದಿತ್ತು. ಚೆನ್ನಾಗಿ ಉತ್ತರ ಹೇಳಿದವರ ಹೆಸರಿನ ಪಕ್ಕ ಒಂದು ಬಿಲ್ಲೆ. ಮೊದಲು ತಾಮ್ರ, ಆಮೇಲೆ ಬೆಳ್ಳಿ, ಆಮೇಲೆ ಚಿನ್ನ. ಬಿಲ್ಲೆ ಅಂದರೆ ಬಿಲ್ಲೆಯ ಚಿತ್ರ, ಅಷ್ಟೇ. ಕಚ್ಚಿ ನೋಡೋಣ ಅಂದರೂ ಹಲ್ಲಿಗೆ ಸಿಗುವಂಥದ್ದಲ್ಲ. ಸೂಜಿ ಆಸ್ಪತ್ರೆಯೊಂದರ ಔಷಧಿ ಕೌಂಟರಿನಲ್ಲಿ ದಿನಕ್ಕೆ ಹತ್ತು ತಾಸು ನಿಲ್ಲುವ ಗುತ್ತಿಗೆಯವಳು. ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ, ಕಕ್ಕಸಿನ ಮುಂದಿನ ಸಾಲಿನಲ್ಲಿ, ಹೆಬ್ಬೆರಳು ಮರಗಟ್ಟುವವರೆಗೆ ಬರೆದಳು. ಐದು ವರ್ಷಕ್ಕೆ ಒಂಬತ್ತು ಸಾವಿರ ಉತ್ತರ. ಎಲ್ಲ ಬಿಟ್ಟಿ.

ಆದರೆ ಇವತ್ತು ಅವಳು ಬಂದದ್ದು ಬಿಲ್ಲೆಗಾಗಿ ಅಲ್ಲ, ಅಕ್ಕನಿಗಾಗಿ.

ಅಕ್ಕ ಇದೇ ಕಂಪನಿಯ ಮೂರನೇ ಮಹಡಿಯಲ್ಲಿ ಹನ್ನೊಂದು ವರ್ಷ ಗಿರಾಕಿಗಳ ಫೋನಿಗೆ ಉತ್ತರ ಹೇಳಿದವಳು. ಎಂಟು ತಿಂಗಳ ಹಿಂದೆ ಅವಳನ್ನೂ ಸೇರಿಸಿ ಆರು ಜನರನ್ನು ಒಂದೇ ದಿನ ಹೊರಗೆ ಹಾಕಿದರು. ಅಂದಿನಿಂದ ಅಕ್ಕ ಮನೆಯಲ್ಲಿದ್ದಾಳೆ, ಆದರೆ ಮನೆಯಲ್ಲಿಲ್ಲ. ಅನ್ನ ಉಕ್ಕಿದರೆ ಪಾತ್ರೆಗೆ "ಲೈನಲ್ಲೇ ಇರಿ, ನೋಡ್ತೀನಿ" ಅನ್ನುತ್ತಾಳೆ. ಬಾಗಿಲು ಬಡಿದವರಿಗೆ "ನಮಸ್ಕಾರ, ಏನ್ ತೊಂದ್ರೆ ಹೇಳಿ" ಅನ್ನುತ್ತಾಳೆ. ಒಮ್ಮೊಮ್ಮೆ ಬರಿಗೈಯನ್ನು ಕಿವಿಗೆ ಹಿಡಿದು, ಗೋಡೆ ನೋಡುತ್ತ, ಅರ್ಧ ಗಂಟೆ ಹೂಂಗುಟ್ಟುತ್ತಾಳೆ. ಆ ಕಡೆ ಮಾತಾಡುವವರು ಯಾರು ಎಂದು ಕೇಳಲು ಸೂಜಿಗೆ ಧೈರ್ಯ ಬಂದಿಲ್ಲ. ಉತ್ತರ ಬಂದುಬಿಟ್ಟರೆ ಏನು ಗತಿ!

ಬೆಳಿಗ್ಗೆ ಹೊರಡುವಾಗ ಮಾತ್ರ ಅಕ್ಕ ನೆಟ್ಟಗೆ ಇವಳ ಮುಖವನ್ನೇ ನೋಡಿ ಮಾತಾಡಿದ್ದಳು.

"ಲೇ, ಬಾಯಿ ಬಿಟ್ಟು ಕೇಳ್ತೀಯ ತಾನೆ?"

"ಕೇಳ್ತೀನಿ ಕಣಕ್ಕ. ಬಿಲ್ಲೆ ಕೊಡೋ ಕೈನ ಹಿಡ್ಕೊಂಡೇ ಕೇಳ್ತೀನಿ. ನಮ್ಮಕ್ಕನ್ನ ವಾಪಸ್ ತಗೊಳ್ಳಿ ಅಂತ."

"ಕಾಲು ಬೇಕಾದ್ರೂ ಹಿಡಿ. ನಂಗೇನೂ ಬೇಜಾರಿಲ್ಲ."

ಯಾರಿಗೂ ತಲೆ ಬಗ್ಗಿಸದ ಅಕ್ಕನ ಬಾಯಲ್ಲಿ ಆ ಮಾತು ಕೇಳಿ ಸೂಜಿ ಹಿಂದೆ ತಿರುಗಿ ನೋಡದೆ ಹೊರಟುಬಿಟ್ಟಿದ್ದಳು.

ಸಮಾರಂಭ ಇದ್ದದ್ದು ಅದೇ ಮೂರನೇ ಮಹಡಿಯಲ್ಲಿ. ಮೇಜುಗಳನ್ನು ಗೋಡೆಗೆ ಸರಿಸಿದ್ದರು. ನೆಲದ ತೂತುಗಳಿಂದ ತುಂಡು ತಂತಿಗಳು ತಲೆ ಹೊರಹಾಕಿದ್ದವು. ಅತಿಥಿಗಳ ಮೊದಲ ಸಾಲಿಗೆ ಫೋನಿನವರ ಆರು ಕುರ್ಚಿಗಳನ್ನೇ ಇಟ್ಟಿದ್ದರು, ಬೆನ್ನಿನ ಮೇಲೆ ನಂಬರು ಹಾಗೇ ಇತ್ತು. ಅಕ್ಕನದು ನಾಲ್ಕು. ಅದರ ಮೇಲೆ ಯಾರದೋ ಕೈಚೀಲ ಕೂತಿತ್ತು. ಆ ಕೋಣೆಯಲ್ಲಿ ಕಾಲಿಟ್ಟಾಗಿನಿಂದ ಸೂಜಿಗೆ ಮೂಲೆಮೂಲೆಯಿಂದ ಪಿಸುದನಿ ಕೇಳಿದಂತಾಗುತ್ತಿತ್ತು. ಲೈನಲ್ಲೇ ಇರಿ, ಲೈನಲ್ಲೇ ಇರಿ.

"ಬಂದ್ಯಾ? ಇದನ್ನ ಮೇಲೆ ಹಾಕ್ಕೊಳಮ್ಮ," ಎಂದು ಉಸ್ತುವಾರಿಯ ಹೆಂಗಸು ಕಂಪನಿಯ ಹೆಸರಿದ್ದ ಅಂಗಿಯೊಂದನ್ನು ಎಸೆದಳು. "ಫೋಟೋದಲ್ಲಿ ನಿನ್ನ ಬಟ್ಟೆ ಕಾಣಬಾರ್ದು."

ಅಂಗಿ ಮೊಣಕಾಲಿನವರೆಗೆ ಬಂತು. ಸೂಜಿ ತುಟಿ ಕಚ್ಚಿಕೊಂಡು ಹಾಕಿಕೊಂಡಳು. ಅಕ್ಕನ ಕೆಲಸ ಮುಖ್ಯ.

ದೊಡ್ಡ ಸಾಹೇಬರು ಅವಳನ್ನು ವೇದಿಕೆಯ ಮೇಲೆ ಪಕ್ಕಕ್ಕೆ ನಿಲ್ಲಿಸಿಕೊಂಡು ಮೈಕು ಹಿಡಿದರು.

"ಆರು ಜನರ ಕೆಲಸವನ್ನ ಈಕೆ ಒಬ್ಬಳೇ ಮಾಡಿದಾಳೆ. ಅದೂ ಬರೀ ಪ್ರೀತಿಯಿಂದ! ಹಾಗಾಗಿ ನಾವು ಆ ಆರು ಜನಕ್ಕೆ ಟಾಟಾ ಹೇಳಿದ್ವಿ."

ಚಪ್ಪಾಳೆ.

"ಒಂದು ತಮಾಷೆ ಹೇಳ್ತೀನಿ, ಕೇಳಿ. ನಾಲ್ಕನೇ ಕುರ್ಚೀಲಿ ಒಬ್ಬ ಹೆಂಗಸಿದ್ದಳು. ಅವಳ ಫೋನ್ ರೆಕಾರ್ಡು ಕೇಳಿದ್ವಿ. ಫೋನ್ ಮಾಡಿದವರಿಗೆಲ್ಲ ಒಂದೇ ಮಾತು. 'ಫೋರಂಗೆ ಹೋಗಿ, ಅಲ್ಲಿ ಸೂಜಿ ಅಂತ ಒಬ್ಬಳಿದಾಳೆ, ಅವಳಷ್ಟು ಚೆನ್ನಾಗಿ ನಂಗೂ ಹೇಳೋಕೆ ಬರಲ್ಲ.' ಕೂತಿದ್ದ ಕುರ್ಚಿಗೆ ತಾನೇ ಬೆಂಕಿ ಇಟ್ಕೊಂಡ್ಲು, ದಡ್ಡಿ!"

ಕೋಣೆಯಿಡೀ ನಕ್ಕಿತು. ಮನೆಯಲ್ಲಿ ಅಕ್ಕ ಸೂಜಿಯನ್ನು ಒಮ್ಮೆಯೂ ಹೊಗಳಿದವಳಲ್ಲ. "ಭಾರಿ ತಜ್ಞೆ! ಮೊದಲು ಪಾತ್ರೆ ತೊಳಿ," ಅನ್ನುತ್ತಿದ್ದಳು. ಕಷ್ಟದ ಪ್ರಶ್ನೆ ಬಂದಾಗ ಉತ್ತರ ಹೇಳಿಕೊಡುತ್ತಿದ್ದವಳೂ ಅವಳೇ. ಇಲ್ಲಿ ಕೂತು, ಮುಖ ಕಾಣದ ಸಾವಿರಾರು ಜನರ ಮುಂದೆ, ತಂಗಿ ಎಂದು ಹೇಳದೆ ತಂಗಿಯನ್ನು ಹೊಗಳಿಕೊಂಡಿದ್ದಳು. ಅಯ್ಯೋ ಹುಚ್ಚಿ, ಅಯ್ಯೋ ನನ್ನ ಹುಚ್ಚು ಅಕ್ಕ! ನಿನ್ನ ಅನ್ನಕ್ಕೆ ಕಲ್ಲು ಹಾಕಿದವಳು ನಾನೇನೆ?

ಸಾಹೇಬರು ಬಗ್ಗಿ, ಇವತ್ತಿಗೆಂದೇ ಮಾಡಿಸಿದ್ದ ತಗಡಿನ ಬಿಲ್ಲೆಯನ್ನು ಅಂಗಿಗೆ ಚುಚ್ಚಿದಾಗ ಅವಳು ಅವರ ಕೈ ಹಿಡಿದುಕೊಂಡಳು.

"ದಡ್ಡಿ ಅಂದ್ರಲ್ಲ, ಅವಳು ನಮ್ಮಕ್ಕ. ವಾಪಸ್ ತಗೊಳ್ತೀರಾ?"

ಸಾಹೇಬರು ಕ್ಯಾಮೆರಾ ಕಡೆ ಹಲ್ಲು ಕಿರಿದುಕೊಂಡೇ ದನಿ ತಗ್ಗಿಸಿದರು. "ಕೈ ಬಿಡೆ. ಮಾತ್ರೆ ಎಣಿಸೋಳನ್ನ ವೇದಿಕೆ ಹತ್ತಿಸಿದ್ದೇ ಹೆಚ್ಚಾಯ್ತು."

ಮುಂದಿನ ಕಾರ್ಯಕ್ರಮ ಮಹಾತಜ್ಞೆಯ ಕೈಚಳಕ. ಫೋರಂಗೆ ಆಗ ತಾನೇ ಬಂದ ಪ್ರಶ್ನೆಯನ್ನು ಗೋಡೆಯ ಪರದೆಯ ಮೇಲೆ ತೋರಿಸುವುದು, ಎಲ್ಲರೆದುರು ಅವಳು ಉತ್ತರ ಬರೆಯುವುದು. ಕೀಬೋರ್ಡು ತಂದಿಟ್ಟರು. ಪ್ರಶ್ನೆ ಬಂತು. 'ನಮ್ಮ ಆಸ್ಪತ್ರೇಲಿ ಮದ್ದಿನ ಚೀಟಿ ಬರ್ತಿಲ್ಲ. ಪರದೆ ಕೆಂಪಾಗಿ ನಿಂತಿದೆ. ಸಾಲಲ್ಲಿ ನಲವತ್ತು ಜನ. ಬೇಗ ಹೇಳಿ.'

ಎರಡು ಸಾಲಿನ ಉತ್ತರ. ತಲೆ ಬಾಚುತ್ತ ಅಕ್ಕ ಹೇಳಿಕೊಟ್ಟದ್ದು. ಸೂಜಿಯ ಬೆರಳು ತುರಿಸಿದವು. ಆ ಕೌಂಟರಿನ ಹುಡುಗಿ ಈಗ ಎಂಥೆಂಥ ಬೈಗುಳ ತಿನ್ನುತ್ತಿದ್ದಾಳೆ ಎಂದು ಇವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಅವಳು ಅಂಗಿ ಕಳಚಿ ಸಾಹೇಬರ ಕಾಲ ಬಳಿ ಎಸೆದಳು. ಬಿಲ್ಲೆ ಅದರಲ್ಲೇ ಇತ್ತು. ಕೆಳಗಿಳಿದು, ಕೈಚೀಲ ಎತ್ತಿ ನೆಲಕ್ಕಿಟ್ಟು, ನಾಲ್ಕನೇ ಕುರ್ಚಿಯಲ್ಲಿ ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಳು.

"ಬರಿಯೇ!" ಸಾಹೇಬರು ಗದರಿದರು.

"ಬರಿಯಲ್ಲ. ಆ ಆರು ಜನಾನ ಕರೆಸಿ, ಅವ್ರು ಹೇಳ್ತಾರೆ."

"ಅಲ್ಲಿ ರೋಗಿಗಳಿದ್ದಾರೆ ಕಣೆ, ಮುಂಡೇದೇ!"

"ಗೊತ್ತು. ದಿನಾ ಅಂಥ ಸಾಲಿನ ಮುಂದೆ ನಿಲ್ಲೋಳೇ ನಾನು. ನಿಮ್ಮದೇ ಸರಕಲ್ವಾ ಸಾಹೇಬ್ರೆ? ನೀವೇ ಹೇಳಿ."

ಸಾಹೇಬರು ಪಕ್ಕದವರನ್ನು ನೋಡಿದರು. ಪಕ್ಕದವರು ಉಸ್ತುವಾರಿಯ ಹೆಂಗಸನ್ನು ನೋಡಿದರು. ಅವಳು ನೆಲ ನೋಡಿದಳು. ಕೋಟು ತೊಟ್ಟ ಅರವತ್ತು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

"ಎಳೆದು ಹಾಕ್ರೋ ಇವಳನ್ನ!"

ಇಬ್ಬರು ಬಂದು ರಟ್ಟೆ ಹಿಡಿದರು. ಅವಳು ಕುರ್ಚಿಯನ್ನು ಬಿಡಲಿಲ್ಲ. ಗೋಡೆಯ ಮೇಲೆ ಇನ್ನೊಂದು ಸಾಲು ಮೂಡಿತು.

'ಅಲ್ಲಿ ಯಾರಾದ್ರೂ ಇದ್ದೀರಾ?'

ಅರವತ್ತು ಜನ ಅದನ್ನು ಓದುತ್ತ ಕೂತಿದ್ದರು.