ಹಾವುಮೀನಿನ ಅಂಗಡಿಯವಳು

ಬಸ್ಸು ಇನ್ನೂ ಹೊರಟಿರಲಿಲ್ಲ, ಆಗಲೇ ಪಿಲ್ಸುನ್ ನನ್ನ ಹಣೆಗೆ ಫ್ಲಾಸ್ಕಿನಿಂದ ಹೊಡೆದಳು. ಸ್ಟೀಲಿನ ಫ್ಲಾಸ್ಕು, ಒಳಗೆ ಭರ್ತಿ ಬಾರ್ಲಿ ಚಹಾ. ನಾನು ಮಾಡಿದ ತಪ್ಪು ಇಷ್ಟೇ: "ಅಕ್ಕ, ಕಿಟಕಿ ಪಕ್ಕ ನೀವೇ ಕೂತ್ಕೊಳ್ಳಿ" ಎಂದಿದ್ದೆ. ಬೇರೆ ದಿನವಾಗಿದ್ದರೆ ಜುಟ್ಟು ಹಿಡಿದು ಬಸ್ಸಿನ ಮೆಟ್ಟಿಲ ಮೇಲೆ ಎಳೆದಾಡುತ್ತಿದ್ದೆ. ಅವತ್ತು ಹಲ್ಲು ಕಚ್ಚಿಕೊಂಡು ಸುಮ್ಮನೆ ಕೂತೆ. ಬರುವ ಶನಿವಾರ ನನ್ನ ಮಗನ ಮದುವೆಯಿತ್ತು.

ನಮ್ಮಿಬ್ಬರ ಜಗಳ ಬೂಸಾನಿನ ಮೀನು ಮಾರುಕಟ್ಟೆಗೆಲ್ಲ ಗೊತ್ತು. ಅವಳದು ಹಾವುಮೀನಿನ ಅಂಗಡಿ, ಪಕ್ಕದಲ್ಲೇ ನನ್ನದು ಬಂಗುಡೆ. ಅವಳ ತೇಸಿಕ್, ನನ್ನ ಮಾನ್ಸೊಕ್ ಒಂದೇ ಓಣಿಯಲ್ಲಿ ಬೆಳೆದವರು, ಒಂದೇ ದೋಣಿಗೆ ಕೆಲಸಕ್ಕೆ ಹೋದವರು. ಮೂರು ಚಳಿಗಾಲದ ಹಿಂದೆ ಆ ದೋಣಿ ಮಗುಚಿತು. ನನ್ನವನು ಥರ್ಮೋಕೋಲ್ ಪೆಟ್ಟಿಗೆಯೊಂದನ್ನು ತಬ್ಬಿಕೊಂಡು ತೇಲುತ್ತಾ ಸಿಕ್ಕ. ಅವಳವನು ಸಿಗಲೇ ಇಲ್ಲ. ಹೆಣವಿಲ್ಲದ ಮೇಲೆ ಗೋರಿಯೂ ಇಲ್ಲ.

ಮೊದಲ ವರ್ಷ ಪಿಲ್ಸುನ್ ಕಲ್ಲಾಗಿ ಕೂತಿದ್ದಳು. ಆಮೇಲೆ ಒಂದು ಬೆಳಿಗ್ಗೆ, ಏನೂ ಕಾರಣವಿಲ್ಲದೆ, ನನ್ನ ಬಂಗುಡೆಯ ಟಬ್ಬನ್ನು ಕಾಲಿನಿಂದ ಒದ್ದು ಚರಂಡಿಗೆ ಉರುಳಿಸಿದಳು. ಅಲ್ಲಿಂದ ಹಿಡಿದು ಎಂಟು ಹತ್ತು ದಿನಕ್ಕೊಮ್ಮೆ ಕಾಲು ಕೆರೆದುಕೊಂಡು ಜಗಳಕ್ಕೆ ಬರುತ್ತಿದ್ದಳು. ನಾನೇನು ಕೈಕಟ್ಟಿ ನಿಂತವಳಲ್ಲ. ಒಮ್ಮೆ ಅವಳ ಮುಂಗೈ ಕಚ್ಚಿ ಹೊಲಿಗೆ ಹಾಕಿಸಿದ್ದೇನೆ. ಅವಳು ನನ್ನ ಕಿರುಬೆರಳು ತಿರುಚಿ ಕೀಲು ತಪ್ಪಿಸಿದ್ದಾಳೆ, ಈಗಲೂ ಅದು ಸೊಟ್ಟಗೇ ಇದೆ. ನಿನ್ನ ಮಗ ಯಾಕೆ ಬದುಕಿದ ಎಂದು ಮಾತ್ರ ಒಮ್ಮೆಯೂ ಕೇಳಿದವಳಲ್ಲ.

ನಮ್ಮ ಮಾರುಕಟ್ಟೆಯಲ್ಲಿ ಹೆಂಗಸರನ್ನು ಅವರವರ ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಹೆತ್ತ ಮೇಲೆ ಮಗುವಿನ ಹೆಸರೇ ನಮ್ಮ ಹೆಸರು. ನಾನು ಮಾನ್ಸೊಕ್ ಅಮ್ಮ. ಮೂವತ್ತು ವರ್ಷ ಅವಳು ತೇಸಿಕ್ ಅಮ್ಮ. ದೋಣಿ ಮುಳುಗಿದ ಮೇಲೆ ಆ ಹೆಸರನ್ನು ಎಲ್ಲರೂ ಬಿಟ್ಟರು. ಗಾಯ ಕೆದಕುವುದು ಬೇಡ ಎಂದು ಒಬ್ಬರು 'ಹಾವುಮೀನಿನ ಅಂಗಡಿಯವಳು' ಎಂದರು, ಇನ್ನೊಬ್ಬರು 'ಅಕ್ಕ' ಎಂದರು. ನನಗೂ ಹಾಗೇ ಅನ್ನಬೇಕೆಂದು ಗೊತ್ತಿತ್ತು. ಆದರೆ ಜುಟ್ಟು ಜುಟ್ಟು ಹಿಡಿದುಕೊಂಡಾಗ ನಾಲಿಗೆ ಕೇಳಬೇಕಲ್ಲ. "ಬಾರೇ ತೇಸಿಕ್ ಅಮ್ಮ, ಇವತ್ತು ನೀನೋ ನಾನೋ" ಎಂದು ಹಳೆಯದೇ ಬಾಯಿಗೆ ಬರುತ್ತಿತ್ತು. ಅದಕ್ಕಾಗಿ ಮಾರುಕಟ್ಟೆಯವರೆಲ್ಲ ನನ್ನ ಜನ್ಮ ಜಾಲಾಡಿದ್ದಾರೆ.

ಇನ್ನು ಮದುವೆಯ ವಿಷಯ. ಮಾನ್ಸೊಕ್ ದಡ ಸೇರಿದನೇ ಹೊರತು ಮನುಷ್ಯನಾಗಿ ಉಳಿದಿರಲಿಲ್ಲ. ಕುಡಿತ, ಗೋಡೆಗೆ ತಲೆ ಚಚ್ಚಿಕೊಳ್ಳುವುದು, ತೇಸಿಕ್‌ನ ಹೆಸರು ಕಿವಿಗೆ ಬಿದ್ದರೆ ಸಾಕು, ಬಚ್ಚಲಿಗೆ ಓಡಿ ವಾಂತಿ. ತೇಗು ಊರಿನ ಮೇಷ್ಟರೊಬ್ಬರ ಮಗಳು ಅದು ಹೇಗೋ ಅವನನ್ನು ಎತ್ತಿ ನಿಲ್ಲಿಸಿದಳು. ಈ ಮದುವೆ ತಪ್ಪಿದರೆ ಅವನು ಮತ್ತೆ ನೀರಿಗೆ ಬಿದ್ದ ಹಾಗೇ. ನಾನೇ ಪಿಲ್ಸುನ್ ಅಂಗಡಿಗೆ ಹೋಗಿ, ಸೊಂಟ ಬಗ್ಗಿಸಿ, "ಅಂಗಡಿಯವರೇ, ನಮ್ಮನೇಲಿ ಒಂದು ಶುಭಕಾರ್ಯ ಇದೆ" ಎಂದು ಮರ್ಯಾದೆಯಿಂದಲೇ ಹೇಳಿದೆ. ಅವಳು ಸುಲಿಯುತ್ತಿದ್ದ ಹಾವುಮೀನನ್ನು ನನ್ನ ಮುಖಕ್ಕೆ ಎಸೆದು, ಮದುವೆ ಮಂಟಪಕ್ಕೆ ಟಬ್ ತುಂಬ ಇದನ್ನೇ ತಂದು ಹುಡುಗಿಯ ತಲೆ ಮೇಲೆ ಸುರಿಯುತ್ತೇನೆಂದು ಇಡೀ ಸಾಲಿಗೆ ಕೇಳುವಂತೆ ಆಣೆ ಹಾಕಿದಳು. ಆಡಿದ್ದನ್ನು ಮಾಡುವ ಹೆಂಗಸು ಅದು.

ಇದನ್ನು ತಣ್ಣಗಾಗಿಸಲೆಂದೇ ಮಾರುಕಟ್ಟೆ ಸಂಘದ ಅಧ್ಯಕ್ಷೆ ಯಂಗ್ರಾನ್ ಅಮ್ಮ ಈ ಬಸ್ಸು ಮಾಡಿದ್ದು. ಬೂಸಾನಿನವರಿಗೆ ಹಿಮವೆಂದರೆ ಟೀವಿಯಲ್ಲಿ ನೋಡುವ ವಸ್ತು. ಬೆಳಿಗ್ಗೆ ಹೊರಟು, ಬೆಟ್ಟದ ಮೇಲಿನ ಹಿಮದ ರೆಸಾರ್ಟಿನಲ್ಲಿ ಹೊರಳಾಡಿ, ರಾತ್ರಿ ಊಟಕ್ಕೆ ಮನೆ ಸೇರುವುದು ಎಂದು ಗೊತ್ತಾಗಿತ್ತು. ನಮ್ಮಿಬ್ಬರಿಗೂ ಅಕ್ಕಪಕ್ಕದ ಸೀಟು. ಹೊರಡುವ ಮುನ್ನ ಅಧ್ಯಕ್ಷೆ ನನ್ನನ್ನು ಪಕ್ಕಕ್ಕೆ ಕರೆದು, ಇವತ್ತೊಂದು ದಿನ ಆ ಹುಡುಗನ ಹೆಸರು ನಿನ್ನ ಬಾಯಲ್ಲಿ ಬರಕೂಡದು, ಅಕ್ಕ ಅನ್ನು, ಏನೇ ಮಾಡಿದರೂ ಅಕ್ಕ ಅನ್ನು ಎಂದು ಮಾತು ತೆಗೆದುಕೊಂಡಿದ್ದಳು. ಅದರ ಮೊದಲ ಫಲವೇ ನನ್ನ ಹಣೆಯ ಬುಗುಟು.

ಅಧ್ಯಕ್ಷೆ ಮೈಕು ಹಿಡಿದು ಹಾಜರಿ ಕರೆದಳು. ಸಂಗ್ಗಿಲ್ ಅಮ್ಮ, ಬೋರಾ ಅಮ್ಮ, ಮಾನ್ಸೊಕ್ ಅಮ್ಮ. ಒಬ್ಬೊಬ್ಬರೂ ಇದೀನಿ ಎಂದು ಕೂಗಿದೆವು. ಪಿಲ್ಸುನ್ ಸರದಿ ಬಂದಾಗ ಸ್ವಲ್ಪ ತಡವರಿಸಿ, "ಹಾವುಮೀನಿನ ಅಂಗಡಿ" ಎಂದಳು. ಪಿಲ್ಸುನ್ ಕಿಟಕಿಯ ಪರದೆ ಎಳೆದುಕೊಂಡಳು.

ಹೆದ್ದಾರಿ ಹತ್ತಿದ ಮೇಲೆ ಕೇಳಬೇಕೇ. ಪರದೆಗಳೆಲ್ಲ ಮುಚ್ಚಿದವು, ಡ್ರೈವರು ಬಣ್ಣದ ದೀಪ ಹಾಕಿದ, ಹಾಡು ಹಚ್ಚಿದ. ಸೋಜು ಸಾರಾಯಿ ಪೇಪರ್ ಕಪ್ಪಿನಲ್ಲಿ ಕೈಯಿಂದ ಕೈಗೆ ಬಂತು, ಹೆಂಗಸರೆಲ್ಲ ಎದ್ದು ಸೀಟುಗಳ ನಡುವೆ ಕುಣಿಯತೊಡಗಿದರು. ಪಿಲ್ಸುನ್ ಕೂಡ ಎದ್ದಳು. ಖುಷಿಯಾಯಿತು ನನಗೆ, ನಾನೂ ಎದ್ದು "ಅಕ್ಕ, ಚೆನ್ನಾಗಿ ಕುಣೀತೀರ" ಎಂದೆ. ಅವಳು ತಾಳಕ್ಕೆ ಸರಿಯಾಗಿ ಮೊಣಕೈಯನ್ನು ನನ್ನ ಪಕ್ಕೆಗೆ ಗುದ್ದಿದಳು. ಒಂದಲ್ಲ, ಹಾಡು ಮುಗಿಯುವವರೆಗೂ. ಉಸಿರು ಸಿಕ್ಕಿಕೊಂಡಿತು. ನಗುತ್ತಲೇ ಕುಣಿದೆ.

ದಾರಿಯ ತಂಗುದಾಣದಲ್ಲಿ ಕಡ್ಡಿಗೆ ಚುಚ್ಚಿದ ಮೀನಿನ ವಡೆ ಕೊಂಡು, ಕಪ್ಪಿನಲ್ಲಿ ಬಿಸಿ ಸಾರು ಹಿಡಿದು ಅವಳ ಮುಂದೆ ನಿಂತೆ. "ತಗೊಳ್ಳಿ ಅಕ್ಕ, ಚಳಿ ಇದೆ." ಕಪ್ಪು ತೆಗೆದುಕೊಂಡಳು, ನನ್ನನ್ನೇ ದಿಟ್ಟಿಸಿದಳು, ಸಾರನ್ನು ನನ್ನ ಕುತ್ತಿಗೆಗೆ ಎರಚಿದಳು. ಚರ್ಮ ಚುರ್ರೆಂದಿತು. ಬೋರಾ ಅಮ್ಮ ನೀರಿನ ಬಾಟಲಿ ಸುರಿದು, ಈ ರಾಕ್ಷಸಿಯನ್ನು ಇಲ್ಲೇ ಬಿಟ್ಟು ಹೋಗೋಣ ಎಂದಳು. ಬೇಡ ಎಂದೆ. ಶನಿವಾರ, ಶನಿವಾರ ಎಂದು ಮನಸ್ಸಿನಲ್ಲೇ ಜಪಿಸಿದೆ.

ಹಿಮ ಕಂಡಿದ್ದೇ ತಡ, ಅರವತ್ತು ದಾಟಿದ ಹೆಂಗಸರಿಗೆಲ್ಲ ಹುಚ್ಚು ಹಿಡಿಯಿತು. ಮಾರುಕಟ್ಟೆಯ ರಬ್ಬರ್ ಬೂಟಿನಲ್ಲೇ ಓಡಿದರು, ಬಿದ್ದರು, ಒಬ್ಬರ ಬೆನ್ನಿಗೆ ಒಬ್ಬರು ಹಿಮ ತುರುಕಿದರು. ಅಧ್ಯಕ್ಷೆ ದೂರದಿಂದ ಕಣ್ಸನ್ನೆ ಮಾಡಿದಳು, ಹೋಗು ಮಾತಾಡು ಎಂದು. ನಾನು ಹತ್ತಿರ ಹೋಗಿ "ಅಕ್ಕ" ಎಂದಷ್ಟೇ. ಪಿಲ್ಸುನ್ ಕೈಯಲ್ಲಿದ್ದುದು ಹಿಮದ ಉಂಡೆಯಲ್ಲ, ಹೆಪ್ಪುಗಟ್ಟಿದ ಮಂಜುಗಡ್ಡೆ. ಅದು ನೇರ ಬಾಯಿಗೆ ಬಿತ್ತು. ಮುಂದಿನ ಹಲ್ಲು ಮುರಿದು ನಾಲಿಗೆಯ ಮೇಲೆ ಬಂದು ಕೂತಿತು. ಉಗುಳಿದರೆ ಬಿಳಿ ನೆಲವೆಲ್ಲ ಕೆಂಪು. ಮಗನ ಮದುವೆಯ ಫೋಟೋದಲ್ಲಿ ಹಲ್ಲಿಲ್ಲದ ಬಾಯಿ ಎಂದು ನೆನೆದು ಮೈಯೆಲ್ಲ ಉರಿದುಹೋಯಿತು, ಆದರೂ ಕೈ ಎತ್ತಲಿಲ್ಲ.

ಬೆಟ್ಟದ ತುದಿಗೆ ಹಗ್ಗದ ಮೇಲೆ ತೂಗಿಕೊಂಡು ಹೋಗುವ ಗಾಜಿನ ಡಬ್ಬಿಗಳಿವೆಯಲ್ಲ, ಅವುಗಳಲ್ಲೊಂದಕ್ಕೆ ಅಧ್ಯಕ್ಷೆ ನಮ್ಮಿಬ್ಬರನ್ನೂ ನೂಕಿದಳು. ತುದಿ ತಲುಪುವುದರೊಳಗೆ ಹೊಡೆದುಕೊಳ್ಳುವುದಿದ್ದರೆ ಹೊಡೆದುಕೊಳ್ಳಿ, ಅಳುವುದಿದ್ದರೆ ಅಳಿ, ಮುಗಿಸಿಕೊಂಡು ಬನ್ನಿ ಎಂದಳು. ಬಾಗಿಲು ಮುಚ್ಚಿಕೊಂಡಿತು. ನೆಲ ಕೆಳಗೆ ಸರಿಯಿತು.

ನಾನು ಡಬ್ಬಿಯ ನೆಲದ ಮೇಲೆ ಎರಡೂ ಮಂಡಿಯೂರಿದೆ. ಗಂಡನ ಮುಂದೆಯೂ ಹಾಗೆ ಕೂತವಳಲ್ಲ ನಾನು. "ಅಕ್ಕ, ನನ್ನನ್ನ ಏನು ಬೇಕಾದ್ರೂ ಮಾಡಿ. ಶನಿವಾರ ಒಂದು ದಿನ ಬಿಟ್ಬಿಡಿ" ಎಂದು ಕೈ ಮುಗಿದೆ.

"ಅಕ್ಕ ಅಂತೆ. ಯಾರೇ ನಿನ್ನ ಅಕ್ಕ?" ಎಂದವಳೇ ನನ್ನ ಕುತ್ತಿಗೆಯ ಸ್ಕಾರ್ಫಿನ ಎರಡೂ ತುದಿ ಹಿಡಿದು ಬಿಗಿದಳು.

ಜೀವಂತ ಹಾವುಮೀನಿನ ಚರ್ಮವನ್ನು ಒಂದೇ ಎಳೆತಕ್ಕೆ ಸುಲಿಯುವ ಕೈಗಳು ಅವು. ಸುಟ್ಟ ಚರ್ಮದ ಮೇಲೆ ಉಣ್ಣೆ ಕೊರೆಯಿತು. ತಲೆಯಿಂದ ಅವಳ ಮುಖಕ್ಕೆ ಗುದ್ದಿದೆ, ಮೂಗಿನಿಂದ ರಕ್ತ ಸುರಿಯಿತು, ಹಿಡಿತ ಸಡಿಲಾಗಲಿಲ್ಲ. ಹೊಟ್ಟೆಗೆ ಒದ್ದೆ. ಡಬ್ಬಿ ತೊಟ್ಟಿಲಿನಂತೆ ತೂಗಾಡಿತು. ಗಾಳಿ ಜೋರಾಗಿತ್ತೋ ಏನೋ, ಹಗ್ಗ ನಡುವೆಯೇ ನಿಂತುಬಿಟ್ಟಿತು. ಮುಂದೆ ಹಿಂದೆ ಯಾರೂ ಇಲ್ಲ, ಕೆಳಗೆ ಬರೀ ಬಿಳುಪು. ಕಣ್ಣು ಕತ್ತಲಿಟ್ಟಿತು. ಮದುವೆ ಮಂಟಪದಲ್ಲಿ ತಾಯಿಯ ಕುರ್ಚಿ ಖಾಲಿ, ನನ್ನ ಮಗ ಅದನ್ನೇ ನೋಡುತ್ತಾ ನಿಂತಿದ್ದಾನೆ ಎಂದು ಕಂಡಿತು. ಕೊಟ್ಟ ಮಾತು ಎಲ್ಲಿಗೆ ಹೋಯಿತೋ. ಉಳಿದಿದ್ದ ಉಸಿರನ್ನೆಲ್ಲ ಸೇರಿಸಿ ಕಿರುಚಿದೆ.

"ಬಿಡೇ ತೇಸಿಕ್ ಅಮ್ಮ, ಸಾಯ್ತಿದೀನಿ ಕಣೇ!"

ಕೈಗಳು ನಿಂತವು. ಸ್ಕಾರ್ಫು ಸಡಿಲಾಯಿತು. ಮುಗಿಯಿತು ನನ್ನ ಕತೆ, ಈಗ ಬಾಗಿಲು ಮುರಿದು ಕೆಳಗೆ ಎಸೆಯುತ್ತಾಳೆ ಎಂದುಕೊಂಡು ಮೂಲೆಗೆ ಸರಿದೆ. ಅವಳು ಕದಲಲಿಲ್ಲ. ಮೂಗಿನ ರಕ್ತ ತುಟಿಯ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಇನ್ನೊಂದ್ಸಲ ಹೇಳು" ಎಂದಳು.

ನಾನು ಕೆಮ್ಮುತ್ತಿದ್ದೆ. ಹೇಳೇ ಎಂದು ನನ್ನ ತೋಳು ಹಿಡಿದು ಅಲುಗಾಡಿಸಿದಳು. ಹೇಳಿದೆ. ಮತ್ತೆ ಕೇಳಿದಳು, ಮತ್ತೆ ಹೇಳಿದೆ. ಅವಳು ಹಾಗೇ ಕುಸಿದು ನನ್ನ ಎದುರು ನೆಲದ ಮೇಲೆ ಕೂತಳು.

ಮನೆಯಲ್ಲಿ ಗಂಡ ಆ ಹೆಸರೆತ್ತುವುದಿಲ್ಲವಂತೆ. ಫೋಟೋಗಳನ್ನೆಲ್ಲ ಹಾಸಿಗೆಗಳ ಕೆಳಗೆ ಸೇರಿಸಿದ್ದಾನಂತೆ. ಮಗಳು ಫೋನು ಮಾಡಿದರೆ ಹವಾಮಾನ ಕೇಳುತ್ತಾಳಂತೆ. ಮಾರುಕಟ್ಟೆಯಲ್ಲಿ ಎಲ್ಲರೂ ಪಾಪ ಪಾಪ ಎಂದು ಮರ್ಯಾದೆ ಕೊಟ್ಟು ಕೊಟ್ಟು, ಆ ಹುಡುಗ ಹುಟ್ಟೇ ಇರಲಿಲ್ಲವೆನ್ನುವ ಹಾಗೆ ಮಾಡಿಟ್ಟಿದ್ದಾರಂತೆ. ಇದನ್ನೆಲ್ಲ ಅವಳು ಬೆಲೆ ಹೇಳುವ ದನಿಯಲ್ಲೇ ಹೇಳಿದಳು.

"ನಿನ್ನ ಟಬ್ ಒದ್ರೆ ಮಾತ್ರ ನನ್ನ ಮಗನ ಹೆಸರು ಕೇಳ್ಸೋದು. ಬೇರೆ ಯಾರ ಬಾಯಲ್ಲೂ ಇಲ್ಲ. ಇವತ್ತು ನೀನೂ ಬೆಳಗ್ಗಿಂದ ಅಕ್ಕ ಅಕ್ಕ ಅಂತ ಅವನನ್ನ ಇನ್ನೊಂದ್ಸಲ ಮುಳುಗಿಸ್ಬಿಟ್ಟೆ" ಎಂದಳು.

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಎರಡು ವರ್ಷದ ನನ್ನ ಬಂಗುಡೆ, ನನ್ನ ಬೆರಳು, ನನ್ನ ಹಲ್ಲು. ಕೈ ಬೀಸಿ ಅವಳ ಕೆನ್ನೆಗೆ ಬಾರಿಸಿದೆ. "ಬಾಯಿಬಿಟ್ಟು ಹೇಳೋಕೆ ಏನಾಗಿತ್ತೇ ನಿಂಗೆ?"

"ಕೇಳಿ ಕರೆಸ್ಕೊಂಡ್ರೆ ಅದೂ ಒಂದು ಕರೆಯೋದಾ?" ಎಂದಳು.

ಹಗ್ಗ ಮತ್ತೆ ಚಲಿಸಿತು. ನನ್ನ ಸ್ಕಾರ್ಫನ್ನೇ ಬಿಚ್ಚಿ ಅವಳ ಮೂಗಿಗೆ ಒತ್ತಿದೆ. ಶನಿವಾರ ಬರುತ್ತೀಯಾ, ಟಬ್ಬಿಲ್ಲದೆ, ಎಂದು ಕೇಳಿದೆ. ಅವಳು ಗಾಜಿನಾಚೆ ನೋಡಿ, "ಬಂದ್ರೆ ಬೀಗರ ಮುಂದೆ ನನ್ನ ಏನಂತ ಕೂಗ್ತೀಯ?" ಎಂದಳು. ಮಂಟಪದಲ್ಲಿ ಮಾನ್ಸೊಕ್ ಇರುತ್ತಾನೆ. ಆ ಹೆಸರು ಕೇಳಿ ಅವನು ಅಲ್ಲೇ ಕುಸಿದರೆ? ಅವಳಿಗೆ ನನ್ನ ಮುಖದಲ್ಲೇ ಎಲ್ಲ ಅರ್ಥವಾಯಿತು. ಹಾಗಾದರೆ ಟಬ್ಬು ತರುತ್ತೇನೆ ಎಂದು ಹೇಳಿ, ತುದಿ ಬಂದ ಕೂಡಲೇ ಇಳಿದು ಹೋದಳು.

ಸಂಜೆ ಬಸ್ಸಿಗೆ ಹತ್ತುವಾಗ ನಮ್ಮಿಬ್ಬರ ಮುಖ ನೋಡಿ ಎಲ್ಲರೂ ದಾರಿ ಬಿಟ್ಟರು. ಅಧ್ಯಕ್ಷೆ ಬೇರೆ ಬೇರೆ ಸೀಟು ತೋರಿಸಿದಳು. ನಾನು ಪಿಲ್ಸುನ್ ಪಕ್ಕದಲ್ಲೇ ಹೋಗಿ ಕುಕ್ಕರಿಸಿದೆ. ಅವಳು ಮುಖ ಕಿಟಕಿಗೆ ತಿರುಗಿಸಿದಳು. ಮೈಕು ಕರ್ ಎಂದಿತು, ಹಾಜರಿ ಶುರುವಾಯಿತು. ಸಂಗ್ಗಿಲ್ ಅಮ್ಮ ಇದೀನಿ ಎಂದಳು. ಬೋರಾ ಅಮ್ಮ ಇದೀನಿ ಎಂದಳು. ನಾನೂ ಎಂದೆ, ಹಲ್ಲು ಹೋದ ಜಾಗದಿಂದ ಗಾಳಿ ಸೋರಿತು.

"ಹಾವುಮೀನಿನ ಅಂಗಡಿ" ಎಂದಳು ಅಧ್ಯಕ್ಷೆ.

ಇನ್ನೊಮ್ಮೆ ಕರೆದಳು. ಪಿಲ್ಸುನ್ ಮಡಿಲಲ್ಲಿ ಕೈಗಳು ಒಂದನ್ನೊಂದು ಹಿಸುಕುತ್ತಿದ್ದವು. ನನ್ನ ಮಗನ ಮುಖ ಕಣ್ಣ ಮುಂದೆ ಬಂತು. ಶನಿವಾರ ಅವನೂ ಕೇಳಿಸಿಕೊಳ್ಳಬೇಕಾಗುತ್ತದೆ. ಕೇಳಿಸಿಕೊಳ್ಳಲಿ, ಬದುಕಿ ಬಂದವನು ಅಷ್ಟಾದರೂ ಮಾಡಲಿ ಎಂದುಕೊಂಡೆ. ಎದ್ದು ನಿಂತೆ.

"ತೇಸಿಕ್ ಅಮ್ಮ ಬಂದಿದಾಳೆ. ನನ್ನ ಪಕ್ಕ ಕೂತಿದಾಳೆ. ಬಸ್ ಬಿಡಿ."

ಅಧ್ಯಕ್ಷೆ ಮೈಕು ಕೆಳಗಿಳಿಸಿದಳು. ಪಿಲ್ಸುನ್ ಈಗ ನನ್ನನ್ನು ಕೊಲ್ಲುತ್ತಾಳೆ ಎಂದು ಎಲ್ಲರೂ ಕಾದರು.

"ಇದೀನಿ" ಎಂದಳು ಪಿಲ್ಸುನ್. ದನಿ ಇಷ್ಟೇ ಇತ್ತು.

ನಮ್ಮ ಹಿಂದೆ ಕೂತಿದ್ದ ಗಿಮ್ಹೆ ಅಜ್ಜಿ, ಇಡೀ ಮಾರುಕಟ್ಟೆಗೇ ಹಿರಿಯಳು, ಸೀಟಿನ ಮೇಲಿಂದ ಕೈ ಚಾಚಿದಳು. ಕೈಯಲ್ಲೊಂದು ಕಿತ್ತಳೆ. "ತೇಸಿಕ್ ಅಮ್ಮ, ಹಣ್ಣು ತಿಂತೀಯೇನೇ?" ಎಂದಳು, ನಿನ್ನೆ ಮೊನ್ನೆಯೂ ಹಾಗೇ ಕರೆದಿದ್ದವಳಂತೆ.

ಪಿಲ್ಸುನ್ ಹಣ್ಣು ತೆಗೆದುಕೊಂಡಳು. ಸಿಪ್ಪೆ ಸುಲಿಯಲು ಹೋದರೆ ಆ ಕೈಗಳಿಗೆ ಆಗಲಿಲ್ಲ. ಜೋರಾಗಿ, ನಾಚಿಕೆಯಿಲ್ಲದೆ, ಬಾಯಿ ತೆರೆದು ಅತ್ತಳು. ಮೂರು ವರ್ಷದಲ್ಲಿ ಅವಳು ಅತ್ತಿದ್ದನ್ನು ನಾವು ಯಾರೂ ನೋಡಿರಲಿಲ್ಲ. ನಾನೇ ಹಣ್ಣು ಕಿತ್ತುಕೊಂಡು ಸುಲಿದುಕೊಟ್ಟೆ. ಬಸ್ಸು ಬೆಟ್ಟ ಇಳಿಯತೊಡಗಿತು, ಹಾಡು ಹಾಕಿ ಎಂದು ಯಾರೂ ಕೇಳಲಿಲ್ಲ.

ಹೆದ್ದಾರಿ ಸೇರಿದ ಮೇಲೆ ಅವಳು ಮೂಗು ಒರೆಸಿಕೊಂಡು, ಶನಿವಾರ ಎಷ್ಟು ಹೊತ್ತಿಗೆ ಎಂದು ಕೇಳಿದಳು. ಹನ್ನೊಂದಕ್ಕೆ ಎಂದೆ. ಬಾಯಿ ತೆಗಿ ಎಂದು ಗದರಿ, ಕಿತ್ತಳೆಯ ಎರಡು ತೊಳೆಗಳನ್ನು ನನ್ನ ಬಾಯಿಗೆ ತುರುಕಿದಳು. ಹುಳಿ ಮುರಿದ ಹಲ್ಲಿನ ಬುಡಕ್ಕೆ ತಾಗಿ ಪ್ರಾಣ ಹೋದಂತಾಯಿತು. ನುಂಗಿದೆ.